ದಯಾನಂದ ಕಪ್ಪು ಅಳೆದದ್ದು

ನನ್ನ ಹೆಂಡತಿಯ ತಮ್ಮ ದಯಾನಂದನಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ತಾಳವಾಡಿ ಪೇಟೆಯ ಅವನ ಸ್ಟುಡಿಯೋಗೆ ಬಂದವರನ್ನೆಲ್ಲ ಸ್ಟೂಲು ಕೊಟ್ಟು ಕೂರಿಸುತ್ತಾನೆ, ತಾನು ಮಾತ್ರ ನಿಂತೇ ಇರುತ್ತಾನೆ. ನಿಂತಲ್ಲೂ ನಿಲ್ಲುವುದಿಲ್ಲ. ಲೆನ್ಸಿನ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ, ಮತ್ತೆ ತೆಗೆಯುತ್ತಾನೆ. ಐವತ್ತೆರಡು ವರ್ಷದ ಗಂಡಸಿಗೆ ಇದೇನು ಆಟ ಎಂದು ನನಗೆ ರೇಗುತ್ತದೆ. ನಾನು ಗೆಟ್ಟವಾಡಿಯವನು, ಇಲ್ಲಿನ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರು. ಕೈಕಟ್ಟಿ ಕೂತ್ಕೊಳ್ಳಿ ಎಂದು ಹೇಳಿ ಹೇಳಿಯೇ ತಲೆ ನರೆತಿದೆ. ಅವನ ಅಕ್ಕನನ್ನು ಮದುವೆಯಾದ ತಪ್ಪಿಗೆ ಆ ಟಕಟಕ ಸದ್ದನ್ನು ಸಹಿಸಿಕೊಂಡು ಬಂದಿದ್ದೇನೆ.

ಆದರೆ ಒಂದು ಕೆಲಸಕ್ಕೆ ನಿಂತಾಗ ಅವನ ಕೈ ಒಂದಿಷ್ಟೂ ಅಲುಗುವುದಿಲ್ಲ. ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ಹಣೆ ತುಂಬ ವಿಭೂತಿ ಇಟ್ಟು, ಹೂವಿನ ಹಾರ ಹಾಕಿ, ಚಕ್ಕಳಮಕ್ಕಳ ಕೂರಿಸುತ್ತೇವೆ. ಕೂತಂತೆಯೇ ಮಣ್ಣಿಗಿಳಿಸುತ್ತೇವೆ. ಹಾಗೆ ಕೂತಿರುವಾಗ ಒಂದು ಫೋಟೋ ತೆಗೆಸುವುದು ವಾಡಿಕೆ. ಎಷ್ಟೋ ಮನೆಗಳಲ್ಲಿ ಅಜ್ಜಿ ತಾತಂದಿರದ್ದು ಇರುವುದು ಅದೊಂದೇ ಫೋಟೋ. ಜೀವ ಹೋದ ಮೈ ತಾನಾಗಿ ಕೂರುತ್ತದೆಯೇ? ಹಿಂದೆ ಒಬ್ಬ ಕುಕ್ಕರಗಾಲಲ್ಲಿ ಕೂತು, ಕತ್ತಿಗೆ ಕೈಕೊಟ್ಟು, ತಲೆಯನ್ನು ನೆಟ್ಟಗೆ ಹಿಡಿದಿರಬೇಕು. ಅವನಿಗೆ ಕರಿಕಂಬಳಿ ಹೊದಿಸುತ್ತಾರೆ, ಹಿಂದಿನ ಗೋಡೆಗೂ ಒಂದು ಕರಿಕಂಬಳಿ ಕಟ್ಟುತ್ತಾರೆ. ಆಮೇಲೆ ದಯಾನಂದ ಕಂಪ್ಯೂಟರಿನಲ್ಲಿ ಆ ಕಂಬಳಿಗಳ ಮೇಲೆ ಕಪ್ಪು ಬಳಿದು, ಹಿಡಿದವನನ್ನು ಅಳಿಸುತ್ತಾನೆ. ಫೋಟೋದಲ್ಲಿ ತಾತ ಯಾರ ಹಂಗೂ ಇಲ್ಲದೆ ಒಬ್ಬನೇ ಕೂತಿರುತ್ತಾನೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಅವನೇ ಆಗಬೇಕು.

ಕಳೆದ ಮಾಘದಲ್ಲಿ ಜೀರಹಳ್ಳಿಯ ಜಡೇಸ್ವಾಮಿಯವರು ತೀರಿಕೊಂಡರು. ದಯಾನಂದ ಹೋಗಿ ಫೋಟೋ ತೆಗೆದ, ಕಪ್ಪು ಬಳಿದ, ಚಾಮರಾಜನಗರದ ಲ್ಯಾಬಿಗೆ ಕಳಿಸಿದ. ಕಟ್ಟು ಹಾಕಿದ ಫೋಟೋ ಬಸ್ಸಿನಲ್ಲಿ ಬಂದದ್ದು ಹನ್ನೊಂದನೇ ದಿನ ಬೆಳಿಗ್ಗೆ. ಬಿಚ್ಚಿ ನೋಡಲು ಪುರುಸೊತ್ತಿಲ್ಲದೆ ಹಾಗೇ ಜೀರಹಳ್ಳಿಗೆ ಒಯ್ದು ಕೊಟ್ಟೆವು. ಜಡೇಸ್ವಾಮಿಯವರ ಹೆಂಡತಿ ಪುಟ್ಟಮಲ್ಲಮ್ಮನವರು ಕಾಗದ ಹರಿದು, ಗೋಡೆಗೆ ಒರಗಿಸಿ, ಹಾರ ಹಾಕಿ, ಎರಡು ಹೆಜ್ಜೆ ಹಿಂದೆ ಬಂದು ಕೈ ಮುಗಿದರು. ಕೈ ಮುಗಿದವರು ಹಾಗೇ ನಿಂತರು.

"ಇವ್ರ ಇಂದೆ ಯಾರೋ ಕೂತವ್ರೆ ಕಣಪ್ಪ" ಅಂದರು.

ಎಲ್ಲರೂ ನೋಡಿದೆವು. ಜಡೇಸ್ವಾಮಿಯವರ ಎಡಭುಜದ ಹಿಂದೆ, ಕಪ್ಪಿನೊಳಗೆ, ಒಂದು ಮುಖ. ಮಂಕಾಗಿ, ಆದರೆ ಮೀಸೆ ಸಮೇತ. ಪಕ್ಕದ ಮನೆಯ ಮುರುಗೇಶ. ಅವತ್ತು ಹಿಂದೆ ಕೂತು ತಲೆ ಹಿಡಿದಿದ್ದವನು ಅವನೇ. ಸೆಕೆ ತಡೆಯಲಾರದೆ ಕಂಬಳಿ ಸರಿಸಿ ಉಸಿರು ಬಿಟ್ಟಿದ್ದಾನೆ. ಸತ್ತವರ ಫೋಟೋದಲ್ಲಿ ಬದುಕಿರುವವನು ಕೂತರೆ, ಅವನಿಗೂ ಸೇರಿಸಿ ಧೂಪ ಹಾಕಿದರೆ, ಏನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದರೆ ಆಗಬಾರದು ಎಂಬುದು ಮಾತ್ರ ಗೊತ್ತು. ಊಟದ ಎಲೆಯ ಮುಂದೆ ಕೂತಿದ್ದ ಮುರುಗೇಶ ಎದ್ದು ಬಂದು ತನ್ನ ಮುಖ ತಾನೇ ನೋಡಿದ.

"ಆರ ನನ್ ಮೂತಿ ಮ್ಯಾಲೂ ಬಿದ್ದದೆ. ತೆಗೀರಪ್ಪ ಮೊದ್ಲು" ಅಂದ. ಪಾಯಸ ಮುಟ್ಟದೆ ಎದ್ದುಹೋದ.

ಪುಟ್ಟಮಲ್ಲಮ್ಮನವರು ಬಯ್ಯಲಿಲ್ಲ. ಫೋಟೋವನ್ನು ಗೋಡೆ ಕಡೆ ಮುಖ ಮಾಡಿ ಇಟ್ಟು, "ಸರಿ ಮಾಡ್ಸ್ಕೊಡಪ್ಪ" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ದಯಾನಂದನಿಗೆ ಊಟ ಸೇರಲಿಲ್ಲ. ಸ್ಟುಡಿಯೋದಲ್ಲಿ ಆ ಫೋಟೋ ತೆರೆದು ಮಾನಿಟರಿಗೆ ಮೂಗು ತಾಗಿಸಿ ನೋಡುವುದು, ಎದ್ದು ಬೀದಿಗೆ ಹೋಗುವುದು, ಬಂದು ಮತ್ತೆ ನೋಡುವುದು. ಅವನ ಪರದೆಯಲ್ಲಿ ಅವನಿಗೆ ಮುರುಗೇಶ ಕಾಣುತ್ತಿಲ್ಲ. ಅಲ್ಲಿ ಬರೀ ಕಪ್ಪು. ವಾಪಸು ತಂದ ಕಾಗದದ ಫೋಟೋವನ್ನು ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತಾನೆ.

"ಅಂದ್ರೆ ಮಾನಿಟರ್ರೇ ಕೆಟ್ಟದೆ ಬಾವ. ಒಂಬತ್ ವರ್ಷದ್ದು. ಕಪ್ಪೆಲ್ಲಾ ಒಂದೇ ಮುದ್ದೆ ಮಾಡ್ತಾದೆ" ಅಂದ.

ನಾನು ಕನ್ನಡಕ ಒರೆಸಿಕೊಂಡು ಪರದೆ ನೋಡಿದೆ. ಮುರುಗೇಶ ಕೂತಿದ್ದ. ಹಾಗೆಂದು ಹೇಳಿದೆ. ದಯಾನಂದನ ಹೆಂಡತಿ ಮಂಗಳಗೌರಿಯೂ ಅಡುಗೆಮನೆಯಿಂದ ಬಂದು ನೋಡಿ, "ಅವ್ನೆ ಅಲ್ವಾ, ಮೀಸೆನೂ ಕಾಣ್ತಾದೆ" ಅಂದಳು. ಸ್ಟುಡಿಯೋದ ಹಿಂದೆಯೇ ಅವರ ಮನೆ.

"ನೀವಿಬ್ರೂ ಆ ಫೋಟೋ ನೋಡ್ಬುಟ್ಟಿದ್ದೀರಿ. ಈಗ ಮೋಡ ನೋಡಿದ್ರೂ ಮುರುಗೇಶನೇ ಕಾಣ್ತಾನೆ" ಎಂದು ಅವನು ಸಿಡುಕಿದ. "ನಿಮ್ ಮಾತು ಲೆಕ್ಕಕ್ಕಿಲ್ಲ. ಮುರುಗೇಶನ ಪರಿಚಯ ಇಲ್ದೋರು ಯಾರಾದ್ರೂ ಏಳ್ಬೇಕು."

ಸಿಟ್ಟು ಬಂತು, ಆದರೆ ಮಾತಿನಲ್ಲಿ ಹುರುಳಿಲ್ಲವೆನ್ನಲು ಆಗಲಿಲ್ಲ. ನಾನು ನಿಜಕ್ಕೂ ನೋಡಿದೆನೋ, ನೆನಪು ಮಾಡಿಕೊಂಡೆನೋ? ಹೊರಗಿನವರು ಯಾರನ್ನಾದರೂ ಕರೆಯೋಣವೆಂದರೆ ಈ ಸುದ್ದಿ ಗೊತ್ತಿಲ್ಲದವರು ಪೇಟೆಯಲ್ಲಿ ಯಾರೂ ಉಳಿದಿರಲಿಲ್ಲ.

ಅವನ ಹಟದ ಕೆಳಗೆ ಇನ್ನೊಂದಿತ್ತು. ಮೂವರಿಗೂ ಗೊತ್ತಿತ್ತು, ಮೂವರೂ ಬಾಯಿ ಬಿಡುತ್ತಿರಲಿಲ್ಲ. ಅವನ ಅಪ್ಪ, ಆ ಸ್ಟುಡಿಯೋ ಇಟ್ಟವರು, ಕೊನೆಯ ಎಂಟು ವರ್ಷ ಗೋಡೆ ತಡವಿಕೊಂಡು ಓಡಾಡಿದರು. ಅವರಿಗೆ ಮೊದಲು ಹೋದದ್ದು ಬೆಳಕಲ್ಲ, ಮಬ್ಬಿನಲ್ಲಿರುವ ವಸ್ತುಗಳು. ಸಂಜೆ ಕೊಟ್ಟಿಗೆಯಲ್ಲಿ ಎಮ್ಮೆ ಕಾಣದೆ ಹೋಗಿ ಡಿಕ್ಕಿ ಹೊಡೆದಿದ್ದರು. ಈಚೆಗೆ ದಯಾನಂದನೂ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಳ್ಳುವುದನ್ನು ಎರಡು ಸಲ ನೋಡಿದ್ದೆ. ಇನ್ನೂ ದೊಡ್ಡ ದಿಗಿಲು ಅವನ ಬೈಕು. ಸಾವಾಗಲಿ ಮದುವೆಯಾಗಲಿ, ಅವನು ಕಾಡಿನ ದಾರಿಯಲ್ಲೇ ಹೋಗಿ ಬರಬೇಕು. ಹೊತ್ತು ಮುಳುಗುವ ಮುಂಚೆ ರಸ್ತೆ ಬದಿ ಆನೆ ನಿಂತರೆ ಕಣ್ಣು ಚೆನ್ನಾಗಿರುವವರಿಗೂ ಅದು ಬಂಡೆಯ ಹಾಗೆ ಕಾಣುತ್ತದೆ. ಮುರುಗೇಶನೇ ಕಾಣದವನಿಗೆ ಆನೆ ಕಂಡೀತೇ ಎಂದು ನನ್ನ ಹೆಂಡತಿ ದಿನಕ್ಕೆರಡು ಸಲ ಕೇಳುತ್ತಿದ್ದಳು. ನಾನೇನು ಹೇಳಲಿ?

ಮಾನಿಟರೋ ಕಣ್ಣೋ, ಎರಡರಲ್ಲಿ ಒಂದು. ಮನುಷ್ಯರ ಮಾತು ಬೇಡವಾದರೆ ಯಂತ್ರವನ್ನೇ ಕೇಳೋಣ ಎಂದೆ. ಆ ಉಪಾಯ ನಾನು ಎಲ್ಲೋ ಓದಿದ್ದು. ಪರದೆ ಪೂರ್ತಿ ಬಿಳಿ ಮಾಡಿ, ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಅದರೊಳಗಿನ ಬೆಳಕಿನ ಮೀಟರಿನ ಮುಳ್ಳು ನಡುವೆ ನಿಲ್ಲಲು ಎಷ್ಟು ಹೊತ್ತು ಕ್ಯಾಮರಾ ಕಣ್ಣು ತೆರೆದಿರಬೇಕೆಂದು ನೋಡಬೇಕು. ಆಮೇಲೆ ಪರದೆ ಪೂರ್ತಿ ಕಪ್ಪು ಮಾಡಿ, ಬೇರೇನನ್ನೂ ಮುಟ್ಟದೆ, ಅಷ್ಟೇ ಬೆಳಕು ಸಿಗಲು ಎಷ್ಟು ಹೊತ್ತು ಬೇಕೆಂದು ನೋಡಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳ್ಳಗಿದೆ ಎಂದು ಬರುತ್ತದೆ. ಒಳ್ಳೆಯ ಮಾನಿಟರಾದರೆ ಏಳೆಂಟು ನೂರು, ಸಾವಿರ. ಕೆಟ್ಟದ್ದಾದರೆ ನೂರರ ಆಸುಪಾಸು. ಕಪ್ಪು ಕಪ್ಪಾಗಿರದೆ ಬೂದಿಯಾಗಿರುತ್ತದೆ, ಅದರಲ್ಲಿ ಮುಖಗಳು ಮುಳುಗುತ್ತವೆ.

ದಯಾನಂದನ ಕೈಯಲ್ಲಿದ್ದ ಮುಚ್ಚಳ ನಿಂತಿತು. "ಕ್ಯಾಮರಾಗೆ ಮುರುಗೇಶನ ಪರಿಚಯ ಇಲ್ಲ" ಅಂದ.

ಮಧ್ಯಾಹ್ನವೇ ಸ್ಟುಡಿಯೋ ಬಾಗಿಲು ಎಳೆದೆವು. ಕಿಟಕಿಗೆ ಫೋಟೋ ತೆಗೆಯುವ ಕರಿಬಟ್ಟೆ ಕಟ್ಟಿದೆವು. ಬಾಗಿಲಿನ ಸಂದಿಗೆ ಗೋಣಿ ತುರುಕಿದೆವು. ಕಂಪ್ಯೂಟರಿನ ಹಸಿರು ದೀಪಕ್ಕೆ ಸ್ಟಿಕ್ಕರು ಅಂಟಿಸಿದ್ದು ನಾನು. ನನ್ನ ಮೊಬೈಲು ಆಫ್ ಮಾಡಿಸಿ ಮೇಜಿನಡಿ ಇಡಿಸಿದ್ದು ಅವನು. ನನ್ನ ಬಿಳಿ ಅಂಗಿ ಬೆಳಕು ಚೆಲ್ಲುತ್ತದೆಂದು ಅದನ್ನೂ ಬಿಚ್ಚಿಸಿದ. ನಿವೃತ್ತಿಗೆ ಎರಡು ವರ್ಷವಿರುವ ಮೇಷ್ಟರು ಬನಿಯನ್ನು ಹಾಕಿಕೊಂಡು ಮಬ್ಬಿನಲ್ಲಿ ಕೂತಿದ್ದೆ. ಪರದೆಯ ಸಣ್ಣ ಗೆರೆಗಳು ಮೀಟರನ್ನು ಕೆಡಿಸಬಾರದೆಂದು ಅವನು ಲೆನ್ಸನ್ನು ಬೇಕೆಂದೇ ಮಸುಕು ಮಾಡಿದ. ಬಿಳಿ ಬಂತು. ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗ. ಕಪ್ಪು ಬಂತು. ಅವನು ಕ್ಯಾಮರಾದ ಮೇಲಿನ ಗಾಲಿ ತಿರುಗಿಸುತ್ತ ಹೋದ, ಮೀಟರು ನಡುವೆ ನಿಂತಿತು. ಪೂರ್ತಿ ಒಂದು ಸೆಕೆಂಡು.

"ಏಟಾಯ್ತು ಬಾವ?"

"ನೂರಿಪ್ಪತ್ತೈದು."

"ಮಾನಿಟರ್ರೇ" ಅಂದ. ಮಬ್ಬಿನಲ್ಲಿ ಅವನು ನಗುವುದು ಕೇಳಿಸಿತು. ಬಾಗಿಲು ತೆಗೆದವನೇ ಎದುರಿನ ಅಂಗಡಿಯಿಂದ ಬೋಂಡ ತರಿಸಿದ, ಹನ್ನೆರಡು ದಿನದ ಮೇಲೆ ಹೊಟ್ಟೆ ತುಂಬ ತಿಂದ. ಮಂಗಳಗೌರಿ ತಲೆಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಂಗಿ ಹಾಕಿಕೊಂಡು, ವಿಜ್ಞಾನ ಎಂದರೆ ಇದು ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಿಳಿ ಕಪ್ಪು ಎರಡಕ್ಕೂ ಅವನು ಗುಂಡಿ ಒತ್ತಿ ತೆಗೆದಿದ್ದ ಚಿತ್ರಗಳನ್ನು ಅವನಿಂದ ಮೊಬೈಲಿಗೆ ಹಾಕಿಸಿಕೊಂಡು ಬಂದಿದ್ದೆ. ಒಂಬತ್ತನೇ ತರಗತಿಗೆ ಬೆಳಕಿನ ಪಾಠ ನಡೆಯುತ್ತಿತ್ತು. ಸೋಮವಾರ ಮಕ್ಕಳಿಗೆ ತೋರಿಸೋಣವೆಂದು ಕಪ್ಪು ಪರದೆಯ ಚಿತ್ರ ತೆರೆದೆ. ಅದು ಸಮನಾದ ಕಪ್ಪಲ್ಲ. ನಡುವೆ, ವಸಿ ಮೇಲೆ, ಎರಡು ಹಳದಿ ಬೊಟ್ಟು ಕಲೆಸಿಕೊಂಡು ಹರಡಿತ್ತು, ಬಟ್ಟೆಗೆ ಅರಿಸಿನದ ನೀರು ಚೆಲ್ಲಿದ ಹಾಗೆ. ಇದೇನಪ್ಪ ಎಂದು ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಪಾಠ ನಿಲ್ಲಿಸಿ ಕುರ್ಚಿಯ ಮೇಲೆ ಕೂತುಬಿಟ್ಟೆ.

ಮಾದಪ್ಪನ ದೀಪ.

ಮಾನಿಟರಿನ ಎದುರು ಗೋಡೆಯ ಗೂಡಿನಲ್ಲಿ ಮಲೆಯ ಮಾದಪ್ಪನ ಪಟವಿದೆ. ಅದರ ಮುಂದೆ ಜೋಡಿ ಬತ್ತಿಯ ದೀಪ, ದಯಾನಂದನ ಅಪ್ಪ ಹಚ್ಚಿದ್ದು. ಹಗಲಿರುಳೂ ಆರದೆ ಉರಿಯುತ್ತಿರಬೇಕು. ಎಣ್ಣೆ ಮುಗಿಯಲು ಮಂಗಳಗೌರಿ ಬಿಟ್ಟವಳಲ್ಲ. ಪರದೆಯ ಹೊಳೆಯುವ ಗಾಜಿನಲ್ಲಿ ಆ ಎರಡು ಕುಡಿ ಯಾವಾಗಲೂ ಮೂಡಿರುತ್ತವೆ. ಹೋದವರೆಲ್ಲ ನೋಡಿದ್ದೇವೆ, ಮಾದಪ್ಪ ಕಂಪ್ಯೂಟರಿನಲ್ಲೂ ಇದ್ದಾನೆ ಎಂದು ಕೈ ಮುಗಿದಿದ್ದೇವೆ. ಸಾಸಿವೆ ಕಾಳಿನಷ್ಟು ಹಸಿರು ದೀಪಕ್ಕೆ ಸ್ಟಿಕ್ಕರು ಅಂಟಿಸಿದ ನಾನು, ಕಣ್ಣ ಮುಂದೆ ಉರಿಯುವ ಜೋಡಿ ಬತ್ತಿಯನ್ನು ಬೆಳಕೆಂದು ಎಣಿಸಿರಲಿಲ್ಲ. ಅದು ದೇವರ ದೀಪ. ದೇವರ ದೀಪವನ್ನು ಬೆಳಕಿನ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ? ನಾವು ಅಳೆದದ್ದು ಮಾನಿಟರಿನ ಕಪ್ಪನ್ನಲ್ಲ, ಅದರ ಮೇಲೆ ಬಿದ್ದ ಮಾದಪ್ಪನ ದೀಪವನ್ನು.

ಹಾಗಾದರೆ ಮಾನಿಟರು ಕೆಟ್ಟಿಲ್ಲವೆಂದೇ? ಅದೂ ಗೊತ್ತಿಲ್ಲ. ಅದಷ್ಟೇ ಸಮಾಧಾನ. ಮಂಗಳವಾರ ಹೇಳೋಣವೆಂದು ಹೋದೆ. ಅವನು ಹೊಸ ಮಾನಿಟರಿಗೆ ಹೇಳಿಬಿಟ್ಟಿದ್ದ, ಯಾರದೋ ನಾಮಕರಣದ ಫೋಟೋಗಳನ್ನು ತಿದ್ದುತ್ತ ಹಾಡು ಗುನುಗುತ್ತಿದ್ದ. ಕಾಫಿ ಕುಡಿದು ವಾಪಸು ಬಂದೆ. ಬುಧವಾರವೂ ಅಷ್ಟೇ. ನನಗೆ ನಿದ್ದೆಯಿಲ್ಲ, ಪಾಠ ಮಾಡುವಾಗ ಸೀಮೆಸುಣ್ಣವನ್ನು ಟಕಟಕ ಎನಿಸುವುದು ನಾನೇ ಎಂದು ಒಬ್ಬಳು ಹುಡುಗಿ ನಕ್ಕಾಗ ಗೊತ್ತಾಯಿತು. ಶುಕ್ರವಾರ ನನ್ನ ಹೆಂಡತಿ ಒಂದು ಸುದ್ದಿ ತಂದಳು. ಜೀರಹಳ್ಳಿಯಿಂದ ಬರುವಾಗ ದಯಾನಂದ ಸಂಜೆ ಐದೂವರೆಗೆ ರಸ್ತೆ ಬದಿಯ ಮರಗಳ ನೆರಳಿನಲ್ಲಿ ನಿಂತಿದ್ದ ಹೆಣ್ಣಾನೆಯ ಪಕ್ಕದಲ್ಲೇ, ಹಾರನ್ನೂ ಹೊಡೆಯದೆ, ವೇಗವನ್ನೂ ತಗ್ಗಿಸದೆ ದಾಟಿ ಬಂದನಂತೆ. ಹಿಂದೆ ಜೀಪು ನಿಲ್ಲಿಸಿಕೊಂಡಿದ್ದವರು ನೋಡಿ ಬೆವರಿದ್ದಾರೆ. ಏನು ಧೈರ್ಯ ಎಂದು ಪೇಟೆಯೆಲ್ಲ ಮಾತು.

"ಧೈರ್ಯವಂತೆ" ಅಂದಳು ಅವಳು. "ಅವ್ನು ಉಟ್ಟಿದಾಗಿಂದ ನೋಡೀನಿ. ಅವ್ನಿಗೆ ನಾಯಿ ಕಂಡ್ರೆ ಬಯ."

ಭಾನುವಾರ ಬೆಳಿಗ್ಗೆ ಎಂಟಕ್ಕೇ ಸ್ಟುಡಿಯೋಗೆ ಹೋದೆ. ಮೊಬೈಲು ತೆಗೆದು ಹಳದಿ ಬೊಟ್ಟುಗಳನ್ನು ತೋರಿಸಿದೆ. ಅವನು ಹತ್ತಿರ ಹಿಡಿದು, ದೂರ ಹಿಡಿದು, ನನಗೆ ಹಿಂದಿರುಗಿಸಿದ.

"ಇನ್ನೊಂದ್ಸಲ ಅಳೆಯೋಣ ಕಣೋ. ದೀಪ ಇಲ್ಲದೆ."

"ಅದು ಅಪ್ಪ ಅಚ್ಚಿದ ದೀಪ. ಆರ್ಸಕ್ಕಾಗಲ್ಲ ಬಾವ."

"ಆರಿಸೋದು ಬೇಡ, ಎತ್ತಿ ಆಚೆ ಇಡೋಣ."

"ಗೂಡಿಂದ ಕದಲ್ಸಕ್ಕೂ ಆಗಲ್ಲ. ಒಸ ಮಾನಿಟರ್ ನಾಳಿದ್ದು ಬತ್ತದೆ. ಬುಡಿ." ಮುಚ್ಚಳ ಟಕಟಕ ಎನ್ನುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಆನೆ ನಿಂಗೆ ಕಾಣಿಸ್ತೇನೋ?" ಎಂದು ಕೇಳಿಬಿಟ್ಟೆ.

ಮುಚ್ಚಳ ನಿಂತಿತು. ಯಾವ ಆನೆ ಎಂದು ಅವನು ಕೇಳಲಿಲ್ಲ. ಎಣ್ಣೆ ಹಾಕಲು ಬಂದಿದ್ದ ಮಂಗಳಗೌರಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಎಣ್ಣೆಯ ಗಿಂಡಿಯನ್ನು ಮೇಜಿನ ಮೇಲಿಟ್ಟಳು. ಗೂಡಿನ ಮುಂದೆ ಹೋಗಿ ಕೈ ಮುಗಿದು, ದೀಪವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಎಲ್ಗೆ?" ಅಂದ ದಯಾನಂದ.

"ಅಡ್ಗೆಮನೆಗೆ. ಅಲ್ಲೂ ಮಾದಪ್ಪನೇ ಇರದು" ಎಂದು, ಕುಡಿಗಳಿಗೆ ಗಾಳಿ ತಾಗದಂತೆ ನಿಧಾನವಾಗಿ ನಡೆದು ಹೋದಳು. ಬಂದು ನಡುಬಾಗಿಲನ್ನೂ ಮುಚ್ಚಿದಳು.

ಮತ್ತೆ ಕರಿಬಟ್ಟೆ, ಗೋಣಿ, ನನ್ನ ಬನಿಯನ್ನು. ಬಿಳಿ ಹಿಂದಿನಷ್ಟೇ ಬಂತು, ನೂರಿಪ್ಪತ್ತೈದನೇ ಒಂದು ಭಾಗ. ಕಪ್ಪಿಗೆ ಅವನು ಒಂದು ಸೆಕೆಂಡಿಗೆ ಗಾಲಿ ನಿಲ್ಲಿಸಿದ. ಮೀಟರು ತಳದಲ್ಲಿತ್ತು. ಎರಡು ಸೆಕೆಂಡು. ಮೂರು. ಗಾಲಿ ಒಂದೊಂದು ಹಲ್ಲು ತಿರುಗುವುದೂ ಕೇಳಿಸುತ್ತಿತ್ತು. ನಾಲ್ಕು. ಸಾಕು ನಿಲ್ಲಪ್ಪ ಎಂದು ನಾನು ಮನಸ್ಸಿನಲ್ಲೇ ಮೀಟರನ್ನು ಬೇಡಿಕೊಂಡೆ. ಐದು. ಆರಕ್ಕೆ ನಿಂತಿತು. ಅವನು ಗುಂಡಿ ಒತ್ತಿದ. ಕ್ಯಾಮರಾ ಬಾಯಿ ತೆರೆದು ಆರು ಸೆಕೆಂಡು ಹಾಗೇ ಇತ್ತು.

ಏಳುನೂರ ಐವತ್ತು. ಮಾನಿಟರು ಚೆನ್ನಾಗಿಯೇ ಇತ್ತು.

ಎಷ್ಟಾಯಿತೆಂದು ಈ ಸಲ ಅವನು ಕೇಳಲಿಲ್ಲ. ಸ್ಟೂಲು ಎಳೆದು ಕೂತ. ಅವನು ಅಷ್ಟು ಹೊತ್ತು ಕೂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮೊದಲ ಸಲವೇ ದೀಪ ನೆನಪಾಗಬಾರದಿತ್ತೇ, ಇಲ್ಲ ಕೊನೆಯವರೆಗೂ ನೆನಪಾಗದೇ ಇರಬಾರದಿತ್ತೇ?

"ತಪ್ಪು ನಂದು ಕಣೋ" ಅಂದೆ. "ಮೇಷ್ಟರಾಗಿ ದೀಪ ಮರೆತುಬಿಟ್ಟೆ."

"ನಾನ್ ಮರೆತಿರ್ಲಿಲ್ಲ ಬಾವ."

ಕತ್ತಲೆಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. "ಮೂವತ್ ವರ್ಷ ಬೆಳಕು ನೋಡ್ಕಂಡೇ ಅನ್ನ ತಿಂದಿದ್ದೀನಿ. ನಿಮ್ ಅಂಗಿ ಬಿಚ್ಚಿಸ್ದೋನಿಗೆ ದೀಪ ಗೊತ್ತಾಗಲ್ವಾ? ನೀವೂ ಸುಮ್ನಿದ್ರಿ. ಇರ್ಲಿ, ಮಾದಪ್ಪ ಒಂದ್ಸಲ ನನ್ ಕಡೆ ಆಗ್ಲಿ ಅಂತ ಬುಟ್ಟೆ."

ಆನೆ ಕಾಣಿಸಲಿಲ್ಲ ಎಂದು ಅವನೇ ಹೇಳಿದ. ಜೀಪಿನವರು ಮುಂದೆ ಬಂದು ಬೆನ್ನು ತಟ್ಟಿದಾಗಲೇ ಅಲ್ಲೊಂದು ಆನೆ ಇತ್ತೆಂದು ಗೊತ್ತಾದದ್ದಂತೆ. ಅಪ್ಪ ಗೋಡೆ ತಡವುತ್ತಿದ್ದ ಸದ್ದು ಕಿವಿಯಲ್ಲೇ ಇದೆಯಂತೆ.

ಅವಳು ಕಿಟಕಿಯ ಬಟ್ಟೆ ಬಿಚ್ಚಲು ಹೋದಳು. ಅವನು ತಡೆದ.

"ಇರು. ಜಡೇಸ್ವಾಮಿಗಳ ಫೋಟೋ ತೆಗಿ."

ತೆರೆದಳು. ಕತ್ತಲ ಕೋಣೆಯಲ್ಲಿ ಜಡೇಸ್ವಾಮಿಯವರು ವಿಭೂತಿ ಬೆಳಗಿಸಿಕೊಂಡು ಕೂತರು. ಅವರ ಎಡಭುಜದ ಹಿಂದೆ ಮುರುಗೇಶ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದ, ಪಾಪ, ಸೆಕೆಗೆ ಬಾಯಿ ಬಿಟ್ಟುಕೊಂಡು.

"ಎಲ್ಲವ್ನೆ, ತೋರ್ಸು" ಅಂದ ದಯಾನಂದ.

ಅವಳು ಅವನ ಬೆರಳು ಹಿಡಿದು ಪರದೆಯ ಮೇಲೆ ಇಟ್ಟಳು. "ಇಲ್ಲಿ ಅಣೆ. ಇದು ಮೂಗು. ಇಲ್ಲಿಂದ ಇಲ್ಲಿಗಂಟ ಮೀಸೆ."

ಅವನು ಆ ಜಾಗವನ್ನೇ ನೋಡಿದ, ಬಹಳ ಹೊತ್ತು. ಬೆರಳು ಮೀಸೆಯ ಉದ್ದಕ್ಕೂ ಎರಡು ಸಲ ಹೋಗಿ ಬಂತು. ಆಮೇಲೆ ಮೌಸಿಗೆ ಕೈ ಹಾಕಿದ. ಅವಳು ಹಿಂದೆ ನಿಂತು, ವಸಿ ಎಡಕ್ಕೆ, ಇನ್ನೊಂಚೂರು ಮ್ಯಾಕೆ, ಕಿವಿ ಉಳ್ಕಂಡದೆ ಎಂದು ಹೇಳುತ್ತ ಹೋದಳು. ಅವನು ಅವಳು ಹೇಳಿದ ಕಡೆ ಕಪ್ಪು ಬಳಿಯುತ್ತ ಹೋದ. ಪುಟ್ಟಮಲ್ಲಮ್ಮನವರ ಗಂಡ ಕೊನೆಗೆ ಒಬ್ಬರೇ ಕೂತರು.

"ಓದ್ನಾ ಮುರುಗೇಶ?"

"ಓದ" ಅಂದಳು ಮಂಗಳಗೌರಿ.

ದಯಾನಂದ ಸ್ಟೂಲಿನಿಂದ ಏಳದೆ ಜೇಬಿಗೆ ಕೈ ಹಾಕಿ, ಬೈಕಿನ ಬೀಗದಕೈ ತೆಗೆದು ನನ್ನ ಕೈಯಲ್ಲಿಟ್ಟ.

"ಕಣ್ಣಾಸ್ಪತ್ರೆಗೆ ನಾಳೆ ಮೊದ್ಲು ಬಸ್ಸು ಏಸೊತ್ಗೆ ಬಾವ?" ಎಂದು ಕೇಳಿದ.